ತಟ್ಟೆ ಮೇಡಂ

ಹುಡುಗರು ಅವರಿಗೆ ಇಟ್ಟಿದ್ದ ಹೆಸರು ತಟ್ಟೆ ಮೇಡಂ. ಆ ಹೆಸರು ಹುಟ್ಟಿದ ದಿನ ನಾನು ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದೆ. ಗೋಡೆಯಾಚೆ ಇಡೀ ತರಗತಿ ಗೊಳ್ಳೆಂದು ನಕ್ಕಿತು. ಏನಾಯಿತೆಂದು ಹೋಗಿ ಇಣುಕಿದರೆ, ಮೆಕ್ಯಾನಿಕಲ್ ವಿಭಾಗದ ಈ ಮೇಡಂ ಮೇಜಿನ ಮೇಲೆ ತಟ್ಟೆ ಇಡ್ಲಿ ಬೇಯಿಸುವ ಸ್ಟ್ಯಾಂಡ್ ಇಟ್ಟುಕೊಂಡು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಮನೆಯಿಂದ ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ.

"ನಕ್ಕಿದ್ದು ಮುಗೀತಾ? ಇದೇ ನನ್ನ ಟರ್ಬೈನು. ನಡುವೆ ಒಂದು ಕಂಬಿ, ಕಂಬಿಗೆ ತಟ್ಟೆಗಳು, ತಟ್ಟೆ ತಟ್ಟೆ ನಡುವೆ ಸಂದು. ಇಡ್ಲಿ ಪಾತ್ರೇಲಿ ಹಬೆ ಇಡ್ಲಿ ಬೇಯ್ಸುತ್ತೆ. ಇದ್ರಲ್ಲಿ ಹಬೆ ತಟ್ಟೇನೇ ತಿರುಗ್ಸುತ್ತೆ. ಅಷ್ಟೇ ವ್ಯತ್ಯಾಸ. ಬರ್ಕೊಳ್ಳಿ."

ನಾನು ಗಣಿತದವಳು, ಯಂತ್ರ ಎಂದರೆ ಮನೆಯ ಮಿಕ್ಸಿಯಷ್ಟೇ. ಆದರೆ ಆ ದಿನ ಬಾಗಿಲಲ್ಲಿ ನಿಂತು ಕೇಳಿದ್ದು ನನಗೂ ಅರ್ಥವಾಗಿತ್ತು. ಮಾಮೂಲು ಟರ್ಬೈನಿಗೆ ಅಲಗುಗಳಿರುತ್ತವೆ. ಹಬೆಯೋ ನೀರೋ ಬಂದು ಅಲಗಿಗೆ ಹೊಡೆದರೆ ಚಕ್ರ ತಿರುಗುತ್ತದೆ. ಇವರದಕ್ಕೆ ಅಲಗೇ ಇಲ್ಲ. ನುಣುಪಾದ ಉಕ್ಕಿನ ತೆಳು ತಟ್ಟೆಗಳು ಸಾಲಾಗಿ ಒಂದೇ ಅಚ್ಚಿನ ಮೇಲೆ. ಅಂಚಿನಿಂದ ಒಳಹೊಕ್ಕ ಹಬೆ ತಟ್ಟೆಗಳ ಸಂದಿನಲ್ಲಿ ಸುತ್ತಿ ಸುತ್ತಿ ನಡುವಿನ ತೂತಿನತ್ತ ಹೋಗುತ್ತದೆ. ಹೋಗುತ್ತಾ ತಟ್ಟೆಯ ಮೈಗೆ ಅಂಟಿಕೊಂಡು ಅದನ್ನೂ ಎಳೆದುಕೊಂಡು ತಿರುಗುತ್ತದೆ. ಎಲ್ಲ ಇರುವುದು ಸಂದಿನಲ್ಲಿ. ಸಂದು ದೊಡ್ಡದಾದರೆ ಹಬೆ ತಟ್ಟೆಯನ್ನು ಮುಟ್ಟದೆ ಜಾರಿಹೋಗುತ್ತದೆ, ಚಿಕ್ಕದಾದರೆ ಅದಕ್ಕೇ ಉಸಿರು ಕಟ್ಟುತ್ತದೆ. "ಹೊಡೆದು ತಿರುಗಿಸೋದು ಎಲ್ರಿಗೂ ಬರುತ್ತೆ," ಎನ್ನುತ್ತಿದ್ದರು ಮೇಡಂ, ನಮ್ಮ ಪ್ರಿನ್ಸಿಪಾಲರ ಕೊಠಡಿಯ ಕಡೆ ಕಣ್ಣು ಹೊರಳಿಸಿ.

ಈ ಬರಹದಲ್ಲಿ ಅವರ ಹೆಸರು ಬರುವುದಿಲ್ಲ, ಕಾಲೇಜಿನದೂ ಬರುವುದಿಲ್ಲ. ಕಾಲೇಜಿನವರಿಗೆ ನಾನು ಹೆದರುವವಳಲ್ಲ. ನಿವೃತ್ತಳಾದ ಮೇಷ್ಟ್ರಮ್ಮನನ್ನು ಯಾರು ಏನು ಮಾಡಿಯಾರು? ಹೆಸರು ಹಾಕಿದರೆ ಯಾರಾದರೂ ಪುಣ್ಯಾತ್ಮರು ಇದನ್ನು ಅವರ ತಂಗಿಗೆ ಓದಿ ಹೇಳಿಬಿಡುತ್ತಾರೆ. ಅದಾಗಬಾರದು.

ಆ ತಂಗಿಗೆ ಓದು ಬರುವುದಿಲ್ಲ. ನಂಜನಗೂಡಿನ ಕಡೆಯ ಊರು ಅವರದು. ಅಪ್ಪ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು, ಅಮ್ಮ ಕಾಯಿಲೆಯವರು. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಮನೆಯಲ್ಲಿ ಉಳಿಯಬೇಕು ಎಂದಾಗ ಚಿಕ್ಕವಳು, "ಅಕ್ಕ ಲೆಕ್ಕ ಚೆನ್ನಾಗಿ ಮಾಡ್ತಾಳೆ, ಅವಳೇ ಹೋಗ್ಲಿ ಬುಡಪ್ಪ" ಎಂದು ಸ್ಲೇಟು ಕೆಳಗಿಟ್ಟಳಂತೆ. ಮೇಡಂ ಈ ಕತೆಯನ್ನು ನನಗೆ ಹೇಳಿದ್ದು ಒಂದೇ ಸಲ, ಅದೂ ಬೇರೇನೋ ಮಾತಾಡುತ್ತಾ ಕಿಟಕಿಯ ಕಡೆ ಮುಖ ಮಾಡಿ. ತಂಗಿ ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು ಮೈಸೂರಿನ ಬನ್ನಿಮಂಟಪದಲ್ಲಿದ್ದ ಅಕ್ಕನ ಮನೆಗೆ ಬಂದರು. ಅಕ್ಕ ಮದುವೆಯಾಗಲಿಲ್ಲ. ಒಬ್ಬರು ದೇವರ ಮನೆಯಲ್ಲಿ, ಇನ್ನೊಬ್ಬರು ಲ್ಯಾಬಿನಲ್ಲಿ, ಊಟಕ್ಕೆ ಮಾತ್ರ ಇಬ್ಬರೂ ಒಟ್ಟಿಗೆ.

ಟರ್ಬೈನಿನ ಹುಚ್ಚು ಹತ್ತಿದ್ದು ಅಪ್ಪನ ಗಿರಣಿಯಿಂದಲೇ. ಕುಸುಬಲಕ್ಕಿಗೆ ಭತ್ತ ಬೇಯಿಸಿ ಉಳಿದ ಹಬೆಯನ್ನು ಸುಮ್ಮನೆ ಆಕಾಶಕ್ಕೆ ಬಿಡುತ್ತಿದ್ದರು. ಅದು ಒದ್ದೆ ಹಬೆ, ಕೊಳಕು ಹಬೆ. ಅಲಗಿನ ಟರ್ಬೈನಿಗೆ ಕೊಟ್ಟರೆ ಅಲಗನ್ನೇ ತಿಂದುಹಾಕುತ್ತದೆ. ತಟ್ಟೆಗೆ ಆ ಭಯವಿಲ್ಲ. "ಆ ಹಬೇಲಿ ನಮ್ಮೂರಿನ ಬೀದಿದೀಪ ಎಲ್ಲಾ ಉರಿಸಬೋದಿತ್ತು ಕಣೇ. ನಮ್ಮಪ್ಪ ಸೀಮೆಎಣ್ಣೆ ಬುಡ್ಡಿ ಹಿಡ್ಕೊಂಡು ಮನೆಗೆ ಬರೋರು." ಇಷ್ಟು ಹೇಳಿ ಮೂಗು ಸೀಟುತ್ತಿದ್ದರು, ಅಳುವಿಗೋ ನೆಗಡಿಗೋ ಗೊತ್ತಾಗದ ಹಾಗೆ.

ಅವರನ್ನು ದೇವತೆ ಮಾಡಲು ನಾನು ಕೂತಿಲ್ಲ. ನಾಲಗೆ ಎಂದರೆ ನಾಲಗೆ! ಫೇಲಾದ ಹುಡುಗನೊಬ್ಬನ ಅಪ್ಪ ಬಂದು ಕೈಮುಗಿದು, "ಓದು ಹತ್ತದಿದ್ರೆ ಹೇಳ್ಬುಡಿ ಮೇಡಂ, ಊರಿಗೆ ಕರ್ಕೊಂಡೋಗಿ ಎಮ್ಮೆ ಕಾಯಕ್ಕೆ ಬುಡ್ತೀನಿ" ಎಂದರೆ, "ಎಮ್ಮೆ ಏನು ತಪ್ಪು ಮಾಡಿತ್ತು ಪಾಪ?" ಎಂದವರು. ಆ ತಂದೆ ತಲೆ ತಗ್ಗಿಸಿಕೊಂಡು ಹೋದದ್ದು ನೋಡಿ ನಾನೇ ಗೇಟಿನವರೆಗೆ ಹೋಗಿ ಸಮಾಧಾನ ಹೇಳಿ ಬಂದೆ. ಮೇಡಂಗೆ ಏನೂ ಅನಿಸಿದಂತೆ ಕಾಣಲಿಲ್ಲ. ಗೋಕುಲಂನ ನಮ್ಮ ಮನೆಗೆ ಬಂದರೆ, ಯೋಗ ಕಲಿಯಲು ಬಂದು, ಬಗಲಲ್ಲಿ ಚಾಪೆ ಸುತ್ತಿಕೊಂಡು ಎಳನೀರು ಕುಡಿಯುತ್ತಾ ನಿಂತ ವಿದೇಶಿಯರನ್ನು ಗೇಟಿನಿಂದಲೇ ದಿಟ್ಟಿಸಿ, "ಉಸಿರು ಬಿಡಕ್ಕೆ ಇಷ್ಟು ದೂರ ಬರಬೇಕಾ? ಅವರೂರಲ್ಲಿ ಗಾಳಿ ಇಲ್ವಾ?" ಎಂದು ಅವರಿಗೆ ಕೇಳುವ ಹಾಗೇ ಹೇಳುವರು. ನನ್ನ ಮಗಳ ಮದುವೆಯಲ್ಲಿ ಹೋಳಿಗೆ ತಿಂದು, "ಹೂರಣ ಅಂಚಿಗೆ ಬಂದೇ ಇಲ್ಲ" ಎಂದು ಬೀಗರ ಮುಂದೆ ಹೇಳಿದ ಮೇಲೆ ನಾನು ಒಂದಷ್ಟು ಕಾಲ ಅವರ ಜೊತೆ ಮಾತು ಬಿಟ್ಟಿದ್ದೆ.

ಅಂಥವರು ತಟ್ಟೆ ಜೋಡಿಸಲು ಕೂತರೆ ಬೇರೆಯೇ ಹೆಂಗಸು. ಮೈಸೂರಿನದೇ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ತಟ್ಟೆ ಕತ್ತರಿಸಿಕೊಡುತ್ತಿದ್ದರು. ಅದನ್ನು ತಂದು, ಅಂಚಿನ ಒರಟನ್ನು ನಯವಾಗಿ ಉಜ್ಜಿ ತೆಗೆದು, ಅಂಟುವಾಳದ ಪುಡಿ ಕದಡಿದ ಬಿಸಿನೀರಿನಲ್ಲಿ ಒಂದೊಂದನ್ನೇ ತೊಳೆದು, ಹಳೇ ವಾಯಿಲ್ ಸೀರೆಯ ತುಂಡಿನಲ್ಲಿ ಒರೆಸುವರು. ಮಟ್ಟಸವಾದ ಕಲ್ಲಿನ ಮೇಲೆ ಮಲಗಿಸಿ ಕೆಳಗಿನಿಂದ ಬೆಳಕು ನುಸುಳುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವರು. ಬೆಳಕು ಕಂಡರೆ ಆ ತಟ್ಟೆ ಸೊಟ್ಟ, ಬುಟ್ಟಿಗೆ. ಪಾಸಾದದ್ದನ್ನು ಅಚ್ಚಿಗೆ ಇಳಿಬಿಟ್ಟು, ಮೇಲೆ ಕಾಗದದಷ್ಟು ತೆಳ್ಳಗಿನ ವಾಷರುಗಳು, ಮತ್ತೆ ತಟ್ಟೆ, ಮತ್ತೆ ವಾಷರು. ಜೋಡಿಸುವಾಗ ಮಾತಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಂದವರಿಗೆ ಆ ಕೊಠಡಿಗೆ ಪ್ರವೇಶವಿಲ್ಲ. ನಾನೊಮ್ಮೆ ಬೆರಳು ಚಾಚಿದ್ದಕ್ಕೆ, "ಮುಟ್ಬೇಡ ಕಣೇ! ನಿನ್ ಬೆರಳಿನ ಜಿಡ್ಡು ಸಾಕು, ಗಾಳಿ ಅಲ್ಲೇ ತಡವರಿಸುತ್ತೆ" ಎಂದು ಗದರಿಸಿದ್ದರು. ಬಿಗಿದು ಮುಗಿದ ಮೇಲೆ ಅದನ್ನು ಮತ್ತೆ ಹೆಬ್ಬಾಳಕ್ಕೆ ಒಯ್ದು, ಯಾವ ಬದಿಯೂ ಎಳ್ಳಷ್ಟು ಭಾರವಾಗದಂತೆ ತೂಗಿಸಿ ತರಬೇಕು. ಅಷ್ಟು ವೇಗದಲ್ಲಿ ತಿರುಗುವ ವಸ್ತುವಿಗೆ ಎಳ್ಳಷ್ಟು ಹೆಚ್ಚುಕಡಿಮೆಯೂ ಸಾಕು, ತನ್ನನ್ನು ತಾನೇ ಒಡೆದುಕೊಳ್ಳುತ್ತದೆ.

ಈ ಕೆಲಸದಲ್ಲಿ ಅವರ ಅರ್ಧ ಆಯುಸ್ಸು ಕಳೆಯಿತು. ಮೊದಲ ಯಂತ್ರ ಕುಂಟಿತು, ಎರಡನೆಯದು ಕಾದು ತಟ್ಟೆ ಬಾಗಿಸಿಕೊಂಡಿತು. ಆಮೇಲಿನದು ನಿಜವಾಗಿ ಓಡಿತು. ನಾನೇ ನೋಡಿದ್ದೇನೆ. ಲ್ಯಾಬಿನಲ್ಲಿ ಹಬೆಯ ಬದಲು ಕಂಪ್ರೆಸರಿನ ಗಾಳಿ ಬಿಟ್ಟರೆ ಸಣ್ಣಗೆ ಸಿಳ್ಳೆ ಹಾಕುತ್ತಾ ಎದ್ದು, ಬಲ್ಬುಗಳ ಒಂದು ಸಾಲನ್ನೇ ಬೆಳಗಿತ್ತು. ಮೇಡಂ ಮುಖವನ್ನು ಅಷ್ಟು ಎಳೆಯದಾಗಿ ನಾನು ಕಂಡದ್ದು ಅದೊಂದೇ ಸಲ. ಅದರಲ್ಲಿ ಕಂಡ ಕೊರತೆಯನ್ನೆಲ್ಲ ತಿದ್ದಿ ಕೊನೆಯದೊಂದು ಮಾಡಿದರು. ಸಂಶೋಧನೆಗೆ ಹಣ ಕೊಡುವ ಒಂದು ಸಮಿತಿ ಬೆಂಗಳೂರಿನಿಂದ ಬಂದು ನೋಡುವುದೆಂದಾಯಿತು. ಅವರೆದುರು ಓಡಿದರೆ ಅಪ್ಪನ ಕಾಲದ ಅದೇ ಅಕ್ಕಿ ಗಿರಣಿಯಲ್ಲಿ ಯಂತ್ರ ಕೂರಿಸಲು ಒಪ್ಪಿಗೆ ಸಿಗುತ್ತದೆ. ಓಡದಿದ್ದರೆ ಲ್ಯಾಬು ಖಾಲಿ ಮಾಡಬೇಕು. ಏಕೆಂದರೆ ಆ ಕೊಠಡಿಯ ಮೇಲೆ ಆಡಳಿತ ಮಂಡಳಿಯ ಕಣ್ಣು ಬಿದ್ದು ವರ್ಷಗಳಾಗಿದ್ದವು. ಅಲ್ಲಿ ಗಾಜಿನ ಬಾಗಿಲು, ತಣ್ಣನೆ ಗಾಳಿ, ಕೃತಕ ಬುದ್ಧಿಮತ್ತೆಯ ಲ್ಯಾಬು ಬರಬೇಕಂತೆ. ಮೆಕ್ಯಾನಿಕಲ್‌ನಲ್ಲಿ ಎರಡು ಲೇತು ಕೆಟ್ಟು ನಿಂತಿದ್ದರೂ ಕೇಳುವವರಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಸಮಿತಿ ಬರುವುದು ವಿಜಯದಶಮಿಯ ಮರುದಿನ ಎಂದು ಗೊತ್ತಾದಾಗ ನಮಗ್ಯಾರಿಗೂ ಏನೂ ಹೊಳೆಯಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗಾದರೂ ಹೊಳೆಯಬೇಕಿತ್ತು.

ಆಯುಧಪೂಜೆಯ ಬೆಳಿಗ್ಗೆ ಕಾಲೇಜಿನ ಯಂತ್ರಗಳಿಗೆಲ್ಲ ಪೂಜೆ. ಲೇತು, ಜೆರಾಕ್ಸ್ ಮಿಷನ್, ಕಾಲೇಜು ಬಸ್ಸು, ಕೊನೆಗೆ ಗಂಟೆ ಹೊಡೆಯುವ ಸುತ್ತಿಗೆಗೂ ಕುಂಕುಮ. ಆ ದಿನ ಮೇಡಂ ಕೈಚೀಲದಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ತಂಗಿ ನಸುಕಿಗೇ ಎದ್ದು ಸ್ನಾನ ಮಾಡಿ, ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯ್ದು ತುಂಬಿಕೊಟ್ಟಿದ್ದ ಗಂಧ, ಬೆಣ್ಣೆಯಷ್ಟು ಗಟ್ಟಿ. "ನಿನ್ ಮಿಷಿನ್ಗೆ ಇಟ್ಬುಡಕ್ಕ, ಮರೀಬ್ಯಾಡ" ಎಂದಿದ್ದರಂತೆ. ಮೇಡಂ ಒಂದು ಬೊಟ್ಟನ್ನು ಯಂತ್ರ ಕೂತಿದ್ದ ಕಬ್ಬಿಣದ ಪೀಠಕ್ಕಿಟ್ಟು, ನನ್ನ ಕಡೆ ನೋಡಿ, "ಇಟ್ಟೆಯಾ ಅಂತ ಕೇಳ್ತಾಳೆ. ಅವಳ ಹತ್ರ ಸುಳ್ಳು ಹೇಳಕ್ಕೆ ನನಗೆ ಬರಲ್ಲ" ಎಂದರು. ಡಬ್ಬಿ ಮೇಜಿನ ಮೇಲೇ ಇತ್ತು. ಯಂತ್ರದ ಮೇಲ್ಮುಚ್ಚಳ ತೆಗೆದಿತ್ತು. ಕೊನೆಯ ಸಲ ಸಂದು ಅಳೆದು, ಪೂಜೆಯವರು ಬರುವ ಮೊದಲೇ ಮುಚ್ಚಬೇಕೆಂದಿದ್ದರು.

ಅಷ್ಟರಲ್ಲಿ ಸೆಕ್ರೆಟರಿ ಬಂದೇಬಿಟ್ಟರು. ಕಾಲೇಜು ನಡೆಸುವ ಟ್ರಸ್ಟಿನ ಸೆಕ್ರೆಟರಿ. ರೇಷ್ಮೆ ಪಂಚೆ, ಹಿಂದೆ ಫೋಟೋಗ್ರಾಫರು, ಅವರ ಹಿಂದೆ ಹೂವಿನ ತಟ್ಟೆ ಹಿಡಿದ ಪ್ರಿನ್ಸಿಪಾಲರು. ಬೇರೆ ಕಡೆಯೂ ಪೂಜೆ ಇದ್ದದ್ದರಿಂದ ಹೇಳಿದ ಹೊತ್ತಿಗಿಂತ ಮುಂಚೆ ಬಂದಿದ್ದರು. ಬಂದವರು ಮೇಜಿನ ಮೇಲಿದ್ದ ಡಬ್ಬಿ ನೋಡಿ, "ಓಹೋ, ಮೇಡಮ್ನೋರು ಮನೆಯಿಂದ್ಲೇ ಗಂಧ ತಂದವ್ರೆ! ಭಲೇ!" ಎಂದು ಮೂರು ಬೆರಳು ತುಂಬ ಬಾಚಿ, ತೆರೆದಿದ್ದ ತಟ್ಟೆಗಳ ಅಂಚಿನ ಮೇಲೆ ಅಡ್ಡಡ್ಡವಾಗಿ ಬಳಿದರು.

"ಸಾರ್, ಬೇಡ! ಸಂದಿಗೆ ಹೋಗುತ್ತೆ!"

ಮೇಡಂ ಕೂಗಿದ್ದು ಲ್ಯಾಬಿನ ಆಚೆಗೂ ಕೇಳಿಸಿತು. ಶಿವಪೂಜೆಗೆ ಬಂದ ಕರಡಿಯನ್ನು ನೋಡುವಂತೆ ಎಲ್ಲರೂ ಅವರನ್ನು ನೋಡಿದರು.

"ಪೂಜೆ ಹೊತ್ನಲ್ಲಿ ಬೇಡ ಅನ್ಬಾರ್ದು ಕಣಮ್ಮ," ಎಂದರು ಸೆಕ್ರೆಟರಿ, ನಗುತ್ತಲೇ. "ದೇವ್ರಿಗೆ ಹೋಗುತ್ತೆ. ಸಂದಿಗೆ ಯಾಕೆ ಹೋಗುತ್ತೆ?"

ಫೋಟೋಗ್ರಾಫರು, "ಸಾರ್, ಕೈ ಅಡ್ಡ ಬಂತು, ಇನ್ನೊಂದ್ಸಲ" ಎಂದರು. ಸೆಕ್ರೆಟರಿ ಇನ್ನೊಂದು ಸಲ ಬಾಚಿ ಅದೇ ಜಾಗಕ್ಕೆ ಬಳಿದು, ಕುಂಕುಮ ಒತ್ತಿ, ಎರಡು ತಟ್ಟೆಗಳ ನಡುವೆ ಸೇವಂತಿಗೆಯ ತೊಟ್ಟು ಸಿಕ್ಕಿಸಿದರು. ಕುಂಬಳಕಾಯಿ ಒಡೆದರು. ಕಡ್ಲೆಪುರಿ ಹಂಚಿದರು. ಮೇಡಂ ಗೋಡೆಗೆ ಒರಗಿ ನಿಂತಿದ್ದರು, ಕೈಯಲ್ಲಿ ಪುರಿಯ ಪೊಟ್ಟಣ.

ಪೂಜೆ ಆದ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟಬಾರದು. ಬೀಗ ಬಿತ್ತು, ಕೀ ಆಫೀಸಿಗೆ ಹೋಯಿತು. ವಿಜಯದಶಮಿಯ ಬೆಳಿಗ್ಗೆ ಮೇಡಂ ಕಾವಲುಗಾರನನ್ನು ಕಾಡಿ ಬೇಡಿ ಬಾಗಿಲು ತೆಗೆಸಿದರು; ಜೊತೆಗೆ ನಾನೂ ಇದ್ದೆ. ಗಂಧ ಒಣಗಿ ಸಂದಿನೊಳಗೆ ಗಾರೆಯಂತೆ ಕೂತಿತ್ತು. ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಬೇಕು. ಜೋಡಿಸಿದ ಮೇಲೆ ತೂಗಿಸಲೇಬೇಕು. ತೂಗಿಸಲು ಹೆಬ್ಬಾಳಕ್ಕೆ ಫೋನು ಮಾಡಿದರೆ ಶೆಡ್ಡಿನವನು, "ಎಲ್ಲಾ ಬಾಕ್ಲಾಕಿದೀವಲ್ಲ ಮೇಡಂ, ಹುಡುಗ್ರು ಜಂಬೂಸವಾರಿ ನೋಡಕ್ಕೆ ಹೋಗವ್ರೆ. ನಮ್ ಮಿಷನ್ಗೂ ಬಾಳೆಕಂದು ಕಟ್ಟಿದೀವಿ" ಎಂದ. ಊರಿಗೆ ಊರೇ ಯಂತ್ರಗಳಿಗೆ ಹಬ್ಬ ಮಾಡುತ್ತಿತ್ತು. ಮೇಡಂ ಬಿಚ್ಚದೆಯೇ, ಬಿದಿರಿನ ಸೀಳನ್ನು ತೆಳ್ಳಗೆ ಹೆರೆದು, ಸೀಮೆಎಣ್ಣೆಯಲ್ಲಿ ಅದ್ದಿ ಸಂದು ಸಂದೂ ಕೆರೆದರು. ಕಂಡಷ್ಟು ಬಂತು. ಕಾಣದ್ದು ಉಳಿಯಿತು.

ಒಂದು ವಾರ ಮುಂದೆ ಹಾಕಿಸಿ ಎಂದು ಸೆಕ್ರೆಟರಿಗೆ ಫೋನು ಮಾಡಿದಾಗ ಬಂದ ಉತ್ತರ ನನಗೂ ಕೇಳಿಸಿತು. "ಕಮಿಟಿಯವ್ರೇನು ನಮ್ ಮನೆ ನೆಂಟ್ರಾ ಅಮ್ಮಾ, ಇವತ್ತು ಬ್ಯಾಡ ನಾಳೆ ಬನ್ನಿ ಅನ್ನಕ್ಕೆ? ದೇವ್ರ ಮೇಲೆ ಭಾರ ಹಾಕಿ ಓಡ್ಸಿ."

ಓಡಿಸಿದರು. ಮರುದಿನ ಸಮಿತಿಯವರು ಮೂವರು, ಕಾಫಿ ಕುಡಿದು ಬಂದು ಸುತ್ತ ನಿಂತರು. ಮೊದಲಿಗೆ ಸಿಳ್ಳೆ ಸರಿಯಾಗೇ ಎದ್ದಿತು, ಬಲ್ಬುಗಳು ಕೆಂಪಾದವು, ಹಳದಿಯಾದವು. ಮೇಡಂ ಕೈ ಗಾಳಿಯ ವಾಲ್ವಿನ ಮೇಲೆ ಅಲ್ಲೇ ನಿಂತಿತು. "ಪೂರ್ತಿ ವೇಗ ನೋಡಬಹುದಾ?" ಎಂದು ಸಮಿತಿಯ ಹಿರಿಯರು ಕೇಳಿದರು. ಕೇಳುವುದು ಅವರ ಕೆಲಸ, ತಪ್ಪಿಲ್ಲ. ಮೇಡಂ ಇನ್ನಷ್ಟು ತಿರುಗಿಸಿದರು. ಬಲ್ಬುಗಳು ಬೆಳ್ಳಗೆ ಉರಿದು, ಮರುಕ್ಷಣ ನಡುಗಿದವು. ಮೇಜು ನಡುಗಿತು. ಒಳಗೆಲ್ಲೋ ಉಕ್ಕಿಗೆ ಉಕ್ಕು ಉಜ್ಜಿದ ಕಿರುಚಾಟ ಕೇಳಿ ನಾನು ಕಿವಿ ಮುಚ್ಚಿಕೊಂಡೆ. ಎಲ್ಲ ನಿಂತಿತು. ಮುಚ್ಚಳ ತೆಗೆದರೆ ತಟ್ಟೆಗಳು ಒಂದರ ಮೇಲೊಂದು ಬಾಗಿ ಮುದುಡಿಕೊಂಡಿದ್ದವು. ಒಳಗೆಲ್ಲ ಸಣ್ಣ ಹಳದಿ ಪುಡಿ.

"ಇದೇನಿದು ಪುಡಿ?" ಎಂದು ಹಿರಿಯರು ಬೆರಳಲ್ಲಿ ತೆಗೆದು ಮೂಸಿದರು.

ಸೆಕ್ರೆಟರಿ ಚಾವಣಿಯ ಫ್ಯಾನು ನೋಡುತ್ತಿದ್ದರು. ನಾನು ಮೇಡಂ ಮುಖ ನೋಡಿದೆ. ಎಮ್ಮೆಯ ಪರ ವಹಿಸಿದ ನಾಲಗೆ, ಹೋಳಿಗೆಯನ್ನೂ ಬಿಡದ ನಾಲಗೆ, ಈಗ ಆಡುತ್ತದೆ ಎಂದು ಕಾದೆ.

"ಜೋಡಣೇಲಿ ತಪ್ಪಾಗಿದೆ ಸಾರ್," ಎಂದರು ಮೇಡಂ. "ನಂದೇ ತಪ್ಪು."

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ನಾನು ಅವರ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಹೇಡಿ ಎಂದೂ ಅಂದೆ. ಅವರು ಊಟದ ಡಬ್ಬಿ ಬಿಚ್ಚಿ, ತಂಗಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ ನನ್ನ ಕಡೆ ಸರಿಸಿದರು.

"ಗಂಧ ಅಂತ ನಾನು ಅಂದಿದ್ರೆ ಸೆಕ್ರೆಟರಿ ಮೊದ್ಲು ಏನು ಹೇಳೋರು? ಗಂಧ ನಮ್ದಲ್ಲ, ಅವರ ಮನೇದು ಅನ್ನೋರು. ನಿಜಾನೇ ಅಲ್ವಾ? ಅದು ಬನ್ನಿಮಂಟಪ ತಲಪಕ್ಕೆ ಎಷ್ಟು ಹೊತ್ತು? ನಮ್ಮ ಬೀದಿಯಿಂದ ಈ ಕಾಲೇಜಿಗೆ ಬರೋರು ಎಷ್ಟು ಜನ ಇಲ್ಲ!" ಡಬ್ಬಿಯ ಮುಚ್ಚಳ ಒರೆಸುತ್ತಾ ಹೇಳಿದರು, "ಅವಳು ನನಗೋಸ್ಕರ ಸ್ಲೇಟು ಬಿಟ್ಟೋಳು ಕಣೇ. ಅಕ್ಕನ ಮಿಷನ್ ನಾನು ತೇಯ್ದ ಗಂಧದಿಂದ ಹೋಯ್ತು ಅಂತ ಗೊತ್ತಾದ್ರೆ ಅವಳು ಬದುಕಿರ್ತಾಳಾ? ಹೋಗ್ಲಿ ಬಿಡು. ಉಕ್ಕು ತಾನೇ."

"ಮನೇಲಿ ಏನು ಹೇಳ್ತೀರಿ?"

"ಓಡ್ತು ಅಂತೀನಿ. ಸುಳ್ಳಲ್ವಲ್ಲ, ಸ್ವಲ್ಪ ಹೊತ್ತು ಓಡ್ತು."

ನನಗೆ ಅವರ ತಂಗಿಯ ಮೇಲೂ ಆ ಕ್ಷಣ ಸಿಟ್ಟು ಬಂತು. ಆ ಸಿಟ್ಟಿಗೆ ಅರ್ಥವಿಲ್ಲ, ಆದರೂ ಬಂತು.

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಕೊಠಡಿಗೆ ಗಾಜಿನ ಬಾಗಿಲು ಬಂತು. ಮುದುಡಿದ ತಟ್ಟೆಗಳು ವರ್ಕ್‌ಶಾಪಿನ ಮೆಟ್ಟಿಲ ಕೆಳಗೆ ಒಡೆದ ಬೆಂಚುಗಳ ಜೊತೆ ಸೇರಿದವು. ಮೇಡಂ ಮತ್ತೆ ಒಂದು ತಟ್ಟೆಯನ್ನೂ ತೊಳೆಯಲಿಲ್ಲ. ಪಾಠ ಮಾಡಿದರು, ಪೇಪರು ತಿದ್ದಿದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಹುಡುಗರನ್ನು ಬೈಯುವುದು ನಿಲ್ಲಿಸಿದರು. "ಮೇಡಂ ಈಗ ತುಂಬಾ ಒಳ್ಳೆಯವರಾಗಿದಾರೆ" ಎಂದು ಹುಡುಗರು ನನ್ನ ಹತ್ತಿರ ಹೇಳುತ್ತಿದ್ದರು. ನಿವೃತ್ತಿಯ ದಿನ ಅದೇ ಸೆಕ್ರೆಟರಿ ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕ್ಯಾಮೆರಾ ಕಡೆ ತಿರುಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪೂಜಾರಿ ಪೇಟವನ್ನಾದರೂ ಕೊಟ್ಟರು. ಮೇಡಂ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಹೋದರು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ತೀರಿಕೊಂಡರು. ಜ್ವರ ಅಂದರು, ಎದೆ ಅಂದರು. ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟರು. ನಾನು ಮೈಕಿನ ಮುಂದೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹತ್ತು ಸಲ ತಿದ್ದಿ ಹೋಗಿದ್ದೆ. ಗಂಧ, ಮೂರು ಬೆರಳು, ಫೋಟೋಗ್ರಾಫರು, ಫೋನು, ಎಲ್ಲವನ್ನೂ ಸಾಲಾಗಿ. ಸತ್ತವರಿಗೆ ಇನ್ನು ಮುಚ್ಚಿಡುವುದೇನಿದೆ ಎಂದು. ತಂಗಿ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಯಾರೋ ಆಟೋ ಕಳಿಸಿ ಕರೆಸಿದ್ದರು. ಬಂದು ಮೊದಲ ಸಾಲಿನಲ್ಲಿ, ನನ್ನ ಪಕ್ಕದಲ್ಲೇ, ಸೆರಗು ಹೊದ್ದು ಕೂತರು.

ಸೆಕ್ರೆಟರಿ ಮೊದಲು ಮಾತಾಡಿದರು. "ಬಹಳ ದೊಡ್ಡ ವಿದುಷಿ. ಯಂತ್ರ ಒಂದು ಕೈಕೊಟ್ಟಿತು, ಅದು ಬೇರೆ ಮಾತು. ಅವತ್ತು ಪೂಜೆ ಮಾಡಬೇಡಿ ಅಂತ ಅವರು ನನಗೇ ಅಂದ್ರು. ಎಷ್ಟೇ ಓದಿದ್ರೂ ದೈವದ ಮುಂದೆ ನಾವು ಎಷ್ಟರವರು ಅಂತ ನಮ್ಮ ಯುವಕರು ಇದರಿಂದ ಕಲೀಬೇಕು."

ಸಭೆ ತಲೆದೂಗಿತು. ಏಳಲು ಹೊರಟ ನನ್ನ ಕೈಯನ್ನು ತಂಗಿ ಹಿಡಿದುಕೊಂಡರು. ಹಿಡಿದು, ಕಿವಿಯ ಹತ್ತಿರ ಬಾಯಿ ತಂದರು.

"ಅಂಗಾರೆ ನಮ್ಮಕ್ಕ ಪೂಜೆ ಬ್ಯಾಡ ಅಂದಿದ್ಲಾ ಮೇಡಂ? ನಂಗೆ ಹೇಳ್ನೇ ಇಲ್ಲ." ಕಣ್ಣು ಒರೆಸಿಕೊಂಡರು. "ನಾನ್ ತೇಯ್ದ್ ಗಂಧ ಇಟ್ಟಿದ್ಲಲ್ಲ, ಅದ್ರಿಂದ್ಲೇ ಅಲ್ವಾ ಅಷ್ಟೊತ್ತಾದ್ರೂ ಓಡಿದ್ದು?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ವೇದಿಕೆಯಿಂದ ನನ್ನ ಹೆಸರು ಕರೆದರು.

"ಹೂಂ ಕಣಮ್ಮ," ಎಂದೆ. "ಅದ್ರಿಂದ್ಲೇ."

ಎದ್ದು ಹೋಗಿ ಮೈಕಿನ ಮುಂದೆ ನಿಂತು, ಅವರು ಯಾವತ್ತೂ ತರಗತಿಗೆ ತಡವಾಗಿ ಬಂದವರಲ್ಲ ಎಂದು ಹೇಳಿ, ಕೈಮುಗಿದು, ಬಂದು ಕೂತೆ.